ಬಿಷಪ್ ಇನ್ನೂ ಉಂಡಿಲ್ಲ

ನಾಯಿ ತಿನ್ನುವುದಕ್ಕೆ ನಮ್ಮಲ್ಲಿ ಒಂದು ಮಾತು. ನಾನು, ನೀವು ಉಣ್ಣುವುದಕ್ಕೆ ಇನ್ನೊಂದು. ಮನೆಗೆ ಬಂದ ನೆಂಟರು ಉಂಡರೆ 'ಪಿಸಾ'. ಅರಸರಿಗೆ ಅವರದೇ ಮಾತು. ಭಿಕ್ಷುಗಳು ಉಂಡರೆ 'ಛಾನ್'. ಕಾಂಬೋಡಿಯಾದಲ್ಲಿ ಹುಟ್ಟಿದ ಹಾಲುಹಲ್ಲಿನ ಮಗುವೂ ಇದನ್ನು ತಪ್ಪುವುದಿಲ್ಲ. ಒಮ್ಮೆ ತಪ್ಪಿದರೆ ಅಜ್ಜಿ ಕಿವಿ ಹಿಂಡುತ್ತಾಳೆ, ಆಮೇಲೆ ಸಾಯುವ ತನಕ ತಪ್ಪುವುದಿಲ್ಲ.

ಇದನ್ನು ರಮಿರೋಗೆ ತಿಳಿಸಲು ನಾನು ಒಂದು ಮಧ್ಯಾಹ್ನವನ್ನೇ ಹಾಳುಮಾಡಿಕೊಂಡಿದ್ದೆ. ರಮಿರೋ ಅಂದರೆ ನಮ್ಮ ಕಂಪೊಂಗ್ ರಮ್ದೂಲ್ ಪೇಟೆಗೆ ಬಂದಿದ್ದ ಮಾನವ ಹಕ್ಕು ವೀಕ್ಷಕ. ಊರು ಉರುಗ್ವೆ, ಪ್ರಪಂಚದ ಆ ತುದಿ. ನಮ್ಮ ನಾಲ್ಕು ಬಣದವರು ಪ್ಯಾರಿಸ್ಸಿಗೆ ಹೋಗಿ ಸಹಿ ಹಾಕಿ ಬಂದ ಮೇಲೆ, ಚುನಾವಣೆ ಆಗುವ ತನಕ ಯಾರೂ ಯಾರ ಮೈಮೇಲೂ ಕೈ ಮಾಡದಂತೆ ನೋಡಿಕೊಳ್ಳಲು ಹೊರಗಿನಿಂದ ಜನ ಬಂದರಲ್ಲ, ಅವರಲ್ಲಿ ಇವನೊಬ್ಬ. ಬಿಳಿ ಗಡ್ಡ, ಒಂದು ಭುಜ ಮೇಲೆ ಏಳುತ್ತಿರಲಿಲ್ಲ. ಅವನ ದೇಶದಲ್ಲೂ ಸೈನಿಕರ ರಾಜ್ಯವಿದ್ದಾಗ ಜೈಲಿನಲ್ಲಿ ಕೂತು ಬಂದವನು. ಯಾವಾಗಲೂ ಒಂದು ಸಣ್ಣ ಸೋರೆ ಬುರುಡೆಯಲ್ಲಿ ಏನೋ ಒಣಸೊಪ್ಪು ಹಾಕಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುತ್ತಿದ್ದ. ಪೇಟೆಯವರೆಲ್ಲ ಅದನ್ನು ಅಫೀಮು ಎಂದುಕೊಂಡಿದ್ದರು. ನಾನೂ ಮೊದಲ ವಾರ ಹಾಗೇ ಅಂದುಕೊಂಡಿದ್ದೆ.

ನಾನು ಅವನ ದುಭಾಷಿ. ಗಡಿಯಾಚೆಯ ಶಿಬಿರದಲ್ಲಿ ಹತ್ತು ವರ್ಷ ಕೊಳೆತಾಗ ಇಂಗ್ಲಿಷ್ ಕಲಿತಿದ್ದೆ. ಬೇರೆ ಕೆಲಸ ಇರಲಿಲ್ಲ, ಕಲಿತೆ. ಥಾವ್ರಿನ್ ಬಾಯಿಬಡುಕಿ ಎಂದು ಆಗಲೂ ಹೆಸರು, ಈಗಲೂ ಹೆಸರು.

ಉಣ್ಣುವ ಮಾತುಗಳನ್ನೆಲ್ಲ ಕೇಳಿಸಿಕೊಂಡು ರಮಿರೋ ನಕ್ಕ.

"ನಮ್ಮ ಭಾಷೇಲಿ ಎಲ್ಲಾ ಒಂದೇ. ನಾಯಿ ತಿನ್ನೋದೂ ಅದೇ, ರಾಜ ತಿನ್ನೋದೂ ಅದೇ, ಬಿಷಪ್ ತಿನ್ನೋದೂ ಅದೇ."

"ಬಿಷಪ್ ಅಂದ್ರೆ ಯಾರು?"

"ನಮ್ಮ ಕಡೆ ದೊಡ್ಡ ಗುರುಗಳು. ನಿಲುವಂಗಿ, ಬೆರಳಲ್ಲಿ ಇಷ್ಟು ದಪ್ಪ ಉಂಗುರ."

"ಪಾಪ. ಅವರಿಗೂ ನಾಯಿಗೂ ಒಂದೇ ಮಾತಾ?"

"ನೀನು ನಮ್ಮೂರ ಬಿಷಪ್ಪನ್ನ ನೋಡಿಲ್ಲ. ನಾಯಿಗೆ ಹೋಲಿಸಿದ್ರೆ ನಾಯಿ ಬೇಜಾರು ಮಾಡ್ಕೊಳ್ಳತ್ತೆ."

ಅಂದಿನಿಂದ ಅದು ನಮ್ಮಿಬ್ಬರ ತಮಾಷೆಯಾಯಿತು. ನಮ್ಮಲ್ಲಿ ಭಿಕ್ಷುಗಳು ಮಧ್ಯಾಹ್ನ ದಾಟಿದ ಮೇಲೆ ಅನ್ನ ಮುಟ್ಟುವುದಿಲ್ಲ. ಅದರೊಳಗೆ ಉಂಡರೆ ಉಂಡ ಹಾಗೆ, ಇಲ್ಲದಿದ್ದರೆ ಮರುದಿನ ಬೆಳಗಿನ ತನಕ ಉಪವಾಸ. ಹೊತ್ತು ಏರುವ ವೇಳೆಗೆ ಯಾವುದಾದರೂ ವಿಹಾರದ ಮುಂದೆ ಜೀಪು ಹಾಯ್ದರೆ ರಮಿರೋ ಕೇಳುತ್ತಿದ್ದ: "ಬಿಷಪ್ ಊಟ ಆಯ್ತಾ?" ನಾನು ಆಯಿತು ಎನ್ನುತ್ತಿದ್ದೆ.

ಕೆಲಸದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದ:

"ಅವರು ಹೇಳಿದ್ದನ್ನ ಹೇಳು. ಕೂಡಿಸಬೇಡ, ಕಳೀಬೇಡ. ಬಾಯಿ ಅವರದು, ನೀನು ನಾಲಿಗೆ ಅಷ್ಟೇ."

ನನ್ನಂಥವಳಿಗೆ ಇದು ಎಂಥ ಶಿಕ್ಷೆ ಎಂದು ನೀವೇ ಯೋಚಿಸಿ.

ಹೊಸ ವರ್ಷದ ಹಬ್ಬ ಮುಗಿದ ವಾರ. ಮತ ಹಾಕುವುದಕ್ಕೆ ಇನ್ನೊಂದು ತಿಂಗಳು ಇತ್ತು. ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬೋಳಿಸಿದ ತಲೆ, ಬಿಳಿ ರವಿಕೆ, ಬಾಯಿ ತುಂಬ ಎಲೆಯಡಿಕೆ. ಮಡಿಲಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ.

"ನನ್ನ ಮಗನ್ನ ಹುಡುಕಿಕೊಡಿ," ಎಂದಳು.

"ಯಾರಜ್ಜಿ ನಿಮ್ಮ ಮಗ?"

"ಮಗ ಅನ್ನಬಾರದು, ಬಾಯಿ ತಪ್ಪಿತು. ಸುವತ್ ಸ್ವಾಮಿಗಳು. ಕೊಳದ ವಿಹಾರದವರು. ನಾನು ಹೆತ್ತೆ, ಅಷ್ಟೇ."

ಅವಳು ಛೂಮ್ ಅಜ್ಜಿ. ಸುವತ್ ಭಿಕ್ಷುವಿನ ಹೆಸರು ನನಗೂ ಗೊತ್ತಿತ್ತು. ವಯಸ್ಸು ಮೂವತ್ತು ದಾಟಿರಲಿಲ್ಲ, ಬಾಯಿ ಮಾತ್ರ ಎಂಬತ್ತರದು. ಆ ಸುತ್ತಿನ ಹಳ್ಳಿಗಳಲ್ಲಿ ಕೆಲವರು ಜನರನ್ನು ಗ್ರಾಮದೇವರ ಗುಡಿಗೆ ಎಳೆದುಕೊಂಡು ಹೋಗಿ, ಬಂದೂಕಿನ ಗುಂಡು ಅದ್ದಿದ ನೀರು ಕುಡಿಸಿ, ನಮಗೇ ಮತ ಹಾಕುತ್ತೇವೆ ಎಂದು ಆಣೆ ಮಾಡಿಸಿದ್ದರು. ನಮ್ಮ ಜನ ಬಂದೂಕಿಗೆ ಹೆದರುವುದಕ್ಕಿಂತ ಆ ನೀರಿಗೆ ಹೆದರುತ್ತಾರೆ. ಮಾತು ಮುರಿದರೆ ಹೊಟ್ಟೆ ಒಡೆದು ಸಾಯುತ್ತೇವೆ ಎಂಬ ನಂಬಿಕೆ. ಹಬ್ಬದ ದಿನ ಸುವತ್ ಭಿಕ್ಷು ಉಪದೇಶಕ್ಕೆ ಕೂತವರು, ಹೆದರಿಸಿ ಕುಡಿಸಿದ ನೀರು ಮೂತ್ರವಾಗಿ ಹೋಗುತ್ತದೆ, ಆಣೆಯಾಗಿ ಉಳಿಯುವುದಿಲ್ಲ, ಹೋಗಿ ನಿಮ್ಮಿಷ್ಟದಂತೆ ಮತ ಹಾಕಿ ಎಂದುಬಿಟ್ಟರು. ಜನ ನಕ್ಕರಂತೆ. ಅಷ್ಟು ಜೋರಾಗಿ ನಕ್ಕಿದ್ದೇ ಅಪಾಯವಾಯಿತು. ಎರಡು ದಿನ ಬಿಟ್ಟು ಸಂಜೆ ಒಂದು ಗಾಡಿ ಬಂತು, ಭಿಕ್ಷು ಕಾಣೆಯಾದರು.

ರಮಿರೋ ಎಲ್ಲ ಕಡೆ ಹೋದ. ನಾನೂ ಹೋದೆ. ಯಾರನ್ನು ಕೇಳಿದರೂ ಗೊತ್ತಿಲ್ಲ. ಒಬ್ಬ ಅಧಿಕಾರಿಯಂತೂ ಹಲ್ಲು ಕಿರಿದು, "ಪ್ರಾಯದ ಭಿಕ್ಷು ಅಲ್ವಾ, ಯಾವಳ ಜೊತೆ ಓಡಿಹೋದನೋ," ಎಂದ. ಅದನ್ನು ಹಾಗೇ ಅಜ್ಜಿಗೆ ಹೇಳಿದೆ. ಕೂಡಿಸಬಾರದು, ಕಳೆಯಬಾರದಲ್ಲ.

ಅಜ್ಜಿ ಎಲೆಯಡಿಕೆ ಉಗಿದು ಬಂದು ಹೇಳಿದಳು: "ಓಡಿಹೋಗೋರು ಚಪ್ಪಲಿ ಮೆಟ್ಕೊಂಡು ಓಡ್ತಾರೆ. ಇಗೋ ಚಪ್ಪಲಿ. ವಿಹಾರದ ಮೆಟ್ಟಿಲ ಮೇಲೇ ಇತ್ತು."

ಆಮೇಲೆ ನನ್ನ ಮೊಣಕಾಲು ಹಿಡಿದುಕೊಂಡು, ದನಿ ಇಳಿಸಿ, "ಮಗಳೇ, ಇದ್ದರೆ ಇದಾರೆ ಅನ್ನು. ಇಲ್ಲ ಅಂದ್ರೆ ಇಲ್ಲ ಅನ್ನು. ಭಿಕ್ಷುಗಳನ್ನೂ ಬಿಡದೆ ಜನರನ್ನ ಕೊಂದ ಆ ಕೆಟ್ಟ ಕಾಲದಲ್ಲಿ ಹೋದ ಮೂವರಿಗೆ ನಾನು ಬೂದಿ ಇಲ್ಲದೆ ಪಿಂಡ ಇಡ್ತಾ ಬಂದಿದೀನಿ. ನಾಲ್ಕನೇದು ನನ್ನ ಕೈಲಿ ಆಗಲ್ಲ," ಎಂದಳು.

ಪ್ರತಿ ಬೆಳಿಗ್ಗೆ ಬರುತ್ತಿದ್ದಳು. ಚಪ್ಪಲಿಯನ್ನು ತನ್ನ ಪಕ್ಕ ಜೋಡಿಸಿ ಇಡುತ್ತಿದ್ದಳು. ಅದನ್ನು ದಾಟಿಕೊಂಡು ಒಳಗೆ ಹೋಗುವುದು ನಮಗಿಬ್ಬರಿಗೂ ಕಷ್ಟವಾಗತೊಡಗಿತು.

ಕೊನೆಗೆ ರಮಿರೋ, "ಜೈಲಿಗೆ ಹೋಗೋಣ," ಎಂದ.

"ಮೊನ್ನೆ ಕೇಳಿದ್ವಲ್ಲ. ಅಲ್ಲಿ ಇಲ್ಲ ಅಂದ್ರು."

"ಕೇಳಿದ್ದು ಫೋನಲ್ಲಿ. ಫೋನಲ್ಲಿ ಮೂಗಿಗೆ ಏನೂ ಗೊತ್ತಾಗಲ್ಲ."

ಹೇಳದೆ ಕೇಳದೆ ಯಾವ ಜೈಲಿಗಾದರೂ ನುಗ್ಗುವ ಹಕ್ಕು ಅವನಿಗೆ ಒಪ್ಪಂದದಲ್ಲೇ ಇತ್ತು. ನುಗ್ಗಿದೆವು.

ಜೈಲಿನ ಮೇಲಧಿಕಾರಿ ಕೆವ್ ಸಾರೆತ್. ಒಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಮೂರರಲ್ಲೂ ಶಾಯಿ ಇಲ್ಲ. ಕೆಟ್ಟವನು ಎನ್ನಲಾರೆ, ಒಳ್ಳೆಯವನು ಎನ್ನಲಿಕ್ಕೂ ನನ್ನ ಬಾಯಿ ಬರುವುದಿಲ್ಲ. ನಾವು ಮೊದಲ ಸಲ ಹೋದಾಗ ಅಲ್ಲಿ ಕೈದಿಗಳನ್ನೆಲ್ಲ ಸಾಲಾಗಿ ಮಲಗಿಸಿ, ಒಂದೇ ಉದ್ದ ಕಬ್ಬಿಣದ ಸರಳಿಗೆ ಕಾಲು ಕೋಳ ಹಾಕಿದ್ದರು. ರಮಿರೋ ಭಾಷಣ ಮಾಡಲಿಲ್ಲ. ತಾನೇ ಹೋಗಿ ಕೊನೆಯವನ ಪಕ್ಕ ಮಲಗಿ, ಕಾಲು ಚಾಚಿ, "ನನಗೂ ಹಾಕಿ," ಎಂದ. ಸಂಜೆಯ ತನಕ ಏಳಲಿಲ್ಲ. ಹೊರಗಿನ ಸಾಹೇಬನಿಗೆ ಕೋಳ ಹಾಕುವಂತಿಲ್ಲ, ಏಳಿಸುವಂತೆಯೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಸಾರೆತ್ ಸೋತು ಸರಳನ್ನು ಎಳೆಸಿದ್ದ.

ಈ ಸಲ ಹೋದೊಡನೆ ಹೆಮ್ಮೆಯಿಂದ ಅಂಗಳಕ್ಕೆ ಕರೆದೊಯ್ದ. ಅದೇ ಸರಳು ಈಗ ಸೋರೆ ಚಪ್ಪರಕ್ಕೆ ಅಡ್ಡಗೋಲಾಗಿತ್ತು.

"ನೋಡಿ ಸಾಹೇಬ್ರೆ, ಮಾನವ ಹಕ್ಕು," ಎಂದ. "ಹೋದ ವರ್ಷಕ್ಕಿಂತ ಜಾಸ್ತಿ ಕಾಯಿ ಬಿಟ್ಟಿದೆ."

ಚಪ್ಪರದಾಚೆ ಮಾವಿನ ಮರದಡಿ ಗೋಡೆಯಿಲ್ಲದ ಅಡುಗೆಮನೆ. ಅಲ್ಲಿ ಸಾರೆತನ ಹೆಂಡತಿ ಫಾನ್ ಅಕ್ಕ ಸೌಟು ಹಿಡಿದು ನಿಂತಿದ್ದಳು. ಕೈದಿಗಳಿಗೂ ಮನೆಯವರಿಗೂ ಅವಳದೇ ಅಡುಗೆ. ಗಾತ್ರದ ಹೆಂಗಸು. ಅವಳು ಪಿಸುಗುಟ್ಟಿದರೆ ನದಿಯಾಚೆ ದೋಣಿಯವನು "ಏನಂದ್ರಿ?" ಎಂದು ಕೇಳುತ್ತಿದ್ದ.

"ಥಾವ್ರಿನ್, ನಿನ್ನ ಸಾಹೇಬ ಇನ್ನೂ ಆ ಗಾಂಜಾ ಬಿಟ್ಟಿಲ್ವಾ?"

"ಅದು ಟೀ ಸೊಪ್ಪು ಅಕ್ಕಾ."

"ಟೀ ಕುಡಿಯೋಕೆ ಲೋಟ ಇಲ್ಲದಷ್ಟು ಬಡ ದೇಶಾನಾ ಅವರದು?"

ಅವಳ ತಲೆಯ ಮೇಲಿನ ಹಲಗೆಯಲ್ಲಿ ಒಂದು ಅಡುಕು ಬುತ್ತಿ ಇತ್ತು. ನಾಲ್ಕು ಡಬ್ಬಿಗಳದು, ಬೆಳ್ಳಿಯ ಹಾಗೆ ತಿಕ್ಕಿ ಇಟ್ಟದ್ದು. ನೋಡಿದೆ, ಮರೆತೆ. ಅತ್ತೆಗೆ ಕಟ್ಟಿರಬೇಕು ಎಂದುಕೊಂಡೆ.

ರಮಿರೋ ಒಬ್ಬೊಬ್ಬ ಕೈದಿಯನ್ನೂ ಬೇರೆ ಕೂರಿಸಿ ಮಾತಾಡಿಸಿದ. ಹೊಡೆದರಾ? ಇಲ್ಲ. ಹೊಟ್ಟೆ ತುಂಬ ಅನ್ನ ಇದೆಯಾ? ಇದೆ. ಹೊಸಬರು ಯಾರಾದರೂ ಬಂದರಾ? ನೋಡಿಲ್ಲ. ಎಲ್ಲರೂ ನೆಲ ನೋಡಿಕೊಂಡು ಒಂದೇ ರಾಗ ಹೇಳಿದರು. ಇಷ್ಟು ಜನ ಒಂದೇ ರಾಗ ಹೇಳಿದರೆ ಯಾರೋ ಕಲಿಸಿದ್ದಾರೆ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಗೊತ್ತಿದ್ದರೆ ಏನು ಬಂತು. ಕಾಲ್ನೆರಳು ಕುಗ್ಗುತ್ತಾ ಬಂತು. ಹೊರಡುವುದೊಂದೇ ಬಾಕಿ. ನಾನು ಛೂಮ್ ಅಜ್ಜಿಗೆ ಏನು ಹೇಳಲಿ ಎಂದು ಆಗಲೇ ಮಾತು ಹುಡುಕುತ್ತಿದ್ದೆ.

ಬಾಗಿಲ ತನಕ ಬಂದ ಸಾರೆತ್, ನಮ್ಮಲ್ಲಿ ಯಾರಾದರೂ ಹೇಳುವ ಮಾತನ್ನೇ ಹೇಳಿದ: "ಅನ್ನದ ಹೊತ್ತು. ಪಿಸಾ ಮಾಡ್ಕೊಂಡು ಹೋಗಿ."

ಇದು ಬಾಯುಪಚಾರ. ಬೇಡ ಬೇಡ, ಹೊಟ್ಟೆ ತುಂಬಿದೆ ಎಂದು ಹೇಳಿ ಹೊರಟುಬಿಡಬೇಕು. ರಮಿರೋ ಪ್ರತಿ ಸಲ ಹಾಗೇ ಮಾಡುತ್ತಿದ್ದ, ನಾನೇ ಕಲಿಸಿದ್ದೆ. ಆದರೆ ಅವತ್ತು ಅವನಿಗೆ ಹೊರಡುವ ಮನಸ್ಸಿರಲಿಲ್ಲ. ಹುಳಿ ಸಾರಿನ ಪರಿಮಳ ಬೇರೆ.

"ಆಯ್ತು, ಉಣ್ಣೋಣ ಅಂತ ಹೇಳು," ಎಂದ.

ಸಾರೆತನ ಮುಖ ನೋಡಬೇಕಿತ್ತು. ಕರೆದದ್ದು ಅವನೇ. ಚಾಪೆ ಹಾಸಲೇಬೇಕು, ಪಕ್ಕದಲ್ಲಿ ತಾನೂ ಕೂರಲೇಬೇಕು. ಅತಿಥಿಯನ್ನು ಕೂರಿಸಿ ಯಜಮಾನ ಎದ್ದು ಹೋಗುವ ಪದ್ಧತಿ ನಮ್ಮಲ್ಲಿ ಎಲ್ಲೂ ಇಲ್ಲ, ಜೈಲಿನಲ್ಲಿ ಕೂಡ. ಕೂತ. ಫಾನ್ ಅಕ್ಕನ ಕಡೆ ಕಣ್ಣಲ್ಲೇ ಏನೋ ಹೇಳಿದ. ಅವಳು ಅವನನ್ನು ನೋಡಲಿಲ್ಲ, ಅಂಗಳದ ಬಾವುಟದ ಕಂಬ ನೋಡಿದಳು. ಕಂಬದ ನೆರಳು ಬುಡಕ್ಕೆ ಬಂದಿತ್ತು. ತಟ್ಟೆ ತಂದಳು, ಕಂಬ ನೋಡಿದಳು. ಅನ್ನ ತಂದಳು, ಕಂಬ ನೋಡಿದಳು.

"ಬೊಂಗ್," ಎಂದಳು. ನಮ್ಮಲ್ಲಿ ಗಂಡನನ್ನು ಹಾಗೆ ಕರೆಯುವುದು, ಅಣ್ಣಾ ಎಂದ ಹಾಗೆ.

"ಬಡಿಸು, ಬಡಿಸು," ಎಂದ ಸಾರೆತ್.

"ಬೊಂಗ್, ಸ್ವಲ್ಪ ಎದ್ದು ಬನ್ನಿ."

"ಅತಿಥಿಗಳ ಮುಂದೆ ಏನೇ ಅದು. ಆಮೇಲೆ."

"ಆಮೇಲೆ ಅಂದ್ರೆ ಯಾವಾಗ?"

"ಸುಮ್ನೆ ಬಡಿಸು ಅಂದ್ನಲ್ಲ."

ಸಾರಿನ ಬೋಗುಣಿಯನ್ನು ಚಾಪೆಯ ಮೇಲೆ ಕುಕ್ಕಿದಳು. ರಮಿರೋನ ಮಂಡಿಗೆ ಸಾರು ಸಿಡಿಯಿತು. ಆಗ ಅವಳ ಬಾಯಿಂದ ಬಂತು:

"ಇವರು ಪಿಸಾ ಮಾಡೋದು ಮಧ್ಯಾಹ್ನ ದಾಟಿದ್ರೂ ನಡಿಯತ್ತೆ. ಅಲ್ಲಿ ಅವರದು ಇನ್ನೂ ಛಾನ್ ಆಗಿಲ್ಲ. ನೆರಳು ನೋಡಿದ್ರಾ?"

ಅನ್ನದ ಮಡಕೆಯ ಹತ್ತಿರ ನಿಂತಿದ್ದ ಕಾವಲಿನವನು ಕೆಮ್ಮಿದ. ಕೈದಿಗಳ ಕೋಣೆಯಲ್ಲಿ ತಟ್ಟೆಯ ಸದ್ದು ನಿಂತಿತು. ಸಾರೆತ್ ತನ್ನ ಮೂರು ಪೆನ್ನುಗಳನ್ನು ಮುಟ್ಟಿ ನೋಡಿಕೊಂಡ.

"ಏನಂದ್ರು ಅವರು?" ರಮಿರೋ ಕೇಳಿದ.

ಇಂಗ್ಲಿಷಿನಲ್ಲಿ ಅದಕ್ಕೆ ಇರುವುದು ಒಂದೇ ಮಾತು, ಊಟ. ಯಾರದೋ ಊಟ ಆಗಿಲ್ಲವಂತೆ ಎಂದರೆ, ಓಹೋ ಎಂದು ಅವನು ಸಾರು ಕಲಸಿಕೊಳ್ಳುತ್ತಾನೆ. ನಾನು ಒಂದು ಅಕ್ಷರ ಕಳೆಯದೆ ಹೇಳಿದರೂ ಇಡೀ ಮನುಷ್ಯನನ್ನೇ ಕಳೆದ ಹಾಗೆ. ಬಿಡಿಸಿ ಹೇಳಿದರೆ ಕೂಡಿಸಿದ ಹಾಗೆ. ಅದೂ ಅಲ್ಲದೆ ಸಾರೆತನಿಗೆ ಭಿಕ್ಷು, ವಿಹಾರ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಮಾತು ಗೊತ್ತಿತ್ತು. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

ನಾನು ಅನ್ನದ ತಟ್ಟೆ ನೋಡಿಕೊಂಡು, ಹವೆಯ ವಿಚಾರ ಹೇಳುವವಳ ಹಾಗೆ ಹೇಳಿದೆ:

"ಬಿಷಪ್ ಇನ್ನೂ ಉಂಡಿಲ್ಲವಂತೆ."

ರಮಿರೋ ಚಮಚ ಕೆಳಗಿಟ್ಟ. ತಲೆ ಎತ್ತಲಿಲ್ಲ. ಕರವಸ್ತ್ರ ತೆಗೆದು ಮಂಡಿಯ ಸಾರು ಒರೆಸಿಕೊಂಡ, ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಂಡ. ಆಮೇಲೆ ಬಹಳ ಮರ್ಯಾದೆಯ ದನಿಯಲ್ಲಿ, "ಗುರುಗಳ ಊಟ ಆಗದೆ ನಾನು ಉಣ್ಣೋದು ಸರಿಯಲ್ಲ. ಅವರು ಮೊದಲು ಆಗ್ಲಿ, ನಾನು ಕಾಯ್ತೀನಿ ಅಂತ ಹೇಳು," ಎಂದ.

ಹೇಳಿದೆ. ಅವನ ಮಾತಿನಲ್ಲಿ ಮರ್ಯಾದೆಯ ಕ್ರಿಯಾಪದ ಇರಲಿಲ್ಲ. 'ಛಾನ್' ಎಂದು ನಾನೇ ಹಾಕಿದೆ. ಅದೊಂದನ್ನು ಕೂಡಿಸಿದ್ದು ನಿಜ.

"ಯಾವ ಗುರುಗಳು?" ಸಾರೆತ್ ಎಂದ. "ಇವಳು ಹೇಳಿದ್ದು ನಮ್ಮ ಮಾವನ ವಿಷಯ."

"ನಮ್ಮಪ್ಪ ಸತ್ತು ಎಷ್ಟು ವರ್ಷ ಆಯ್ತು," ಎಂದಳು ಫಾನ್ ಅಕ್ಕ. "ಅವರು ಎಲ್ಲಿಂದ ಊಟಕ್ಕೆ ಬರ್ತಾರೆ? ನಿಮ್ಮ ಜೊತೆ ಮಾತಾಡ್ತಾ ಕೂತ್ರೆ ಹೊತ್ತು ದಾಟತ್ತೆ."

ಹಲಗೆಯ ಮೇಲಿನ ಬುತ್ತಿ ಇಳಿಸಿದಳು. ಎರಡು ಕೈಯಲ್ಲಿ ಹಿಡಿದು, ಅಂಗಳ ದಾಟಿ, ಜೈಲಿನ ಹಿಂದಿನ ಭತ್ತದ ಉಗ್ರಾಣದ ಕಡೆ ನಡೆದಳು. ಮದುವೆಯ ಮೆರವಣಿಗೆಯಲ್ಲಿ ಹೋಗುವವಳ ಹಾಗೆ ಬೆನ್ನು ನೆಟ್ಟಗಿತ್ತು. ನಾವೆಲ್ಲ ಎದ್ದು ಅವಳ ಹಿಂದೆ ಹೋದೆವು. ಬಾಗಿಲಲ್ಲಿ ಬಂದೂಕಿನವನೊಬ್ಬ ನಿಂತಿದ್ದ. ಸಾರೆತನ ಮುಖ ನೋಡಿದ. ಸಾರೆತ್ ಹೆಂಡತಿಯ ಬೆನ್ನು ನೋಡುತ್ತಿದ್ದ. ಬಂದೂಕಿನವನು ಫಾನ್ ಅಕ್ಕನ ಕೈಯಲ್ಲಿದ್ದ ಬುತ್ತಿ ನೋಡಿದ. ಬಂದೂಕು ಗೋಡೆಗೆ ಒರಗಿಸಿದ, ಟೋಪಿ ತೆಗೆದ, ಬೀಗ ತೆಗೆದ.

ಒಳಗೆ ಮೂಟೆಗಳ ನಡುವೆ ಸುವತ್ ಭಿಕ್ಷು ಕೂತಿದ್ದರು. ಕಾವಿಯನ್ನು ಯಾರೋ ಕಿತ್ತುಕೊಂಡಿದ್ದರು. ತಲೆಯ ಮೇಲೆ ಕೂದಲು ಮೊಳೆತಿತ್ತು. ಒಂದು ಕಣ್ಣಿನ ಸುತ್ತ ಹಳದಿಗೆ ತಿರುಗಿದ ಪೆಟ್ಟಿನ ಗುರುತು. ಸೊಂಟಕ್ಕೆ ಒಂದು ಚೌಕುಳಿ ಪಂಚೆ, ಮೈಮೇಲೆ ಇದ್ದದ್ದು ಅದೊಂದೇ ಬಟ್ಟೆ. ಆದರೂ ಪೀಠದ ಮೇಲೆ ಕೂತ ಹಾಗೇ ಕೂತಿದ್ದರು. ನಮ್ಮನ್ನೆಲ್ಲ ನೋಡಿ, "ಇವತ್ತು ಜಾತ್ರೆ ಹಾಗಿದೆಯಲ್ಲ," ಎಂದರು.

ಫಾನ್ ಅಕ್ಕ ಮಂಡಿಯೂರಿದಳು. ಬುತ್ತಿ ಮುಂದೆ ಹಿಡಿದಳು, ಅಲ್ಲೇ ತಡೆದಳು.

ಹೆಂಗಸು ಭಿಕ್ಷುವಿನ ಕೈಗೆ ಏನನ್ನೂ ನೇರವಾಗಿ ಕೊಡುವಂತಿಲ್ಲ. ಭಿಕ್ಷು ತಮ್ಮ ಬಟ್ಟೆಯ ತುದಿ ಹಾಸಿದರೆ ಅದರ ಮೇಲೆ ಇಡಬೇಕು. ಇಲ್ಲವೇ ಗಂಡಸೊಬ್ಬ ಎತ್ತಿ ಕೊಡಬೇಕು. ಸುವತ್ ಭಿಕ್ಷು ಹಾಸುವುದಾದರೆ ಉಟ್ಟಿದ್ದನ್ನೇ ಬಿಚ್ಚಿ ಹಾಸಬೇಕು. ಅವರ ಮುಖದಲ್ಲಿ ನಗು ಸುಳಿದದ್ದನ್ನು ನಾನು ನೋಡಿದೆ.

"ನಾನು ಕೊಡ್ಲಾ?" ರಮಿರೋ ಕೇಳಿದ. ಏನು ತೊಡಕು ಎಂದು ಅವನಿಗೆ ಅರ್ಧ ಗೊತ್ತಾಗಿತ್ತು.

"ನೀನು ಸುಮ್ನೆ ಕೂತ್ಕೋ," ಎಂದು ಅಂಗಿ ಹಿಡಿದು ಕೆಳಗೆ ಎಳೆದೆ. ಭಿಕ್ಷು ನೆಲದ ಮೇಲೆ ಕೂತಿರುವಾಗ ಅವನು ಎದುರಿಗೇ ಬಿದಿರಿನ ಹಾಗೆ ನಿಂತಿದ್ದ.

ಬಂದೂಕಿನವನು ಮುಂದೆ ಬಂದ. ಫಾನ್ ಅಕ್ಕ ತಲೆಯಾಡಿಸಿದಳು.

"ನಿನ್ನ ಮನೆ ಅನ್ನ ನೀನು ಕೊಡು ತಮ್ಮಾ. ಇದು ನಮ್ಮ ಮನೇದು. ಯಜಮಾನ್ರು ಕೊಡ್ಲಿ." ಹಿಂದೆ ತಿರುಗದೆಯೇ, "ಬೊಂಗ್. ದಿನಾ ನೀವೇ ತಂದು ಕೊಡ್ತಿದ್ರಲ್ಲ. ಇವತ್ತೇನು ಕೈಗೆ ಲಕ್ವ ಹೊಡೀತಾ?" ಎಂದಳು.

ಅಲ್ಲಿಗೆ ಎಲ್ಲ ಮುಗಿಯಿತು. ದಿನಾ ಕೊಡುತ್ತಿದ್ದವನು ಇವನೇ. ಬೀಗ ಹಾಕಿದ್ದೂ ಇವನೇ, ಮಧ್ಯಾಹ್ನಕ್ಕೆ ಮುಂಚೆ ಅನ್ನ ತಂದು ಕೈಮುಗಿಯುತ್ತಿದ್ದವನೂ ಇವನೇ. ಇವತ್ತು ನಮ್ಮ ಬೆನ್ನು ಬಿಟ್ಟು ಬರಲಾಗಲಿಲ್ಲ ಅಷ್ಟೇ.

ಸಾರೆತ್ ಬಾಗಿಲಿಂದಲೇ ಕಂಬದ ನೆರಳು ನೋಡಿದ. ಅವನು ಕೊಡದಿದ್ದರೆ ಅಲ್ಲಿ ಇರುವುದು ಒಬ್ಬ ಕೈದಿ, ಹೆಸರಿಲ್ಲದವನು. ಕೊಟ್ಟರೆ ಅಲ್ಲಿರುವುದು ಭಿಕ್ಷು, ಅದಕ್ಕೆ ಹೊರದೇಶದ ಸಾಕ್ಷಿ. ಆಮೇಲೆ ಟೋಪಿ ತೆಗೆದ. ಬೂಟು ಬಿಚ್ಚಿದ. ಹೆಂಡತಿಯ ಪಕ್ಕ ಮಂಡಿಯೂರಿ, ಬುತ್ತಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಎರಡು ಕೈಯಲ್ಲಿ ಎತ್ತಿ ಕೊಟ್ಟ. ಸುವತ್ ಭಿಕ್ಷು ತೆಗೆದುಕೊಂಡರು. ಬಂದೂಕಿನವನು, ನಾನು, ಬಾಗಿಲಿಗೆ ಬಂದು ಇಣುಕುತ್ತಿದ್ದ ಅಡುಗೆ ಸರದಿಯ ಕೈದಿಗಳು, ಎಲ್ಲರೂ ದಾನ ಕಂಡಾಗ ಹೇಳುವ ಹಾಗೆ 'ಸಾಧು' ಎಂದೆವು. ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಭಿಕ್ಷು ಉಣ್ಣುತ್ತಿದ್ದರು. ಯಾರೂ ಕದಲಲಿಲ್ಲ. ರಮಿರೋ ನನ್ನ ಕಿವಿಯಲ್ಲಿ, "ಬೇಗ ಹೊರಡಬೇಕು, ಯಾರಾದ್ರೂ ಬಂದ್ರೆ?" ಎಂದ.

"ಬರ್ಲಿ. ಭಿಕ್ಷು ಉಣ್ಣುವಾಗ ಎಬ್ಬಿಸೋ ಗಂಡು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ," ಎಂದೆ. ಅದು ಸುಳ್ಳು. ಆ ಕೆಟ್ಟ ಕಾಲದಲ್ಲಿ ಬೇಕಾದಷ್ಟು ಗಂಡುಗಳು ಹುಟ್ಟಿದ್ದವು. ಆದರೆ ಆ ಹೊತ್ತಿನಲ್ಲಿ ಆ ಉಗ್ರಾಣದಲ್ಲಿ ನನಗೆ ಅದು ನಿಜ ಅನ್ನಿಸಿತ್ತು. ಹೇಳುವಾಗ ಎದೆ ಉಬ್ಬಿತ್ತು.

"ಚುನಾವಣೆ ಮುಗಿಯೋ ತನಕ ಇಟ್ಕೋ ಅಂದ್ರು," ಎಂದ ಸಾರೆತ್, ನೆಲ ನೋಡಿಕೊಂಡು. "ಯಾರು ಅಂತ ಕೇಳ್ಬೇಡಿ."

ಅನುವಾದ ಮಾಡಿದೆ.

"ಕೇಳ್ದೆ ಇರೋಕೆ ನನ್ನಿಂದ ಆಗಲ್ಲ, ನನ್ನ ಕೆಲಸ ಅದೇ," ಎಂದ ರಮಿರೋ. "ಆದ್ರೆ ಮೊದಲು ಅವರ ಊಟ ಮುಗೀಲಿ."

ಊಟ ಮುಗಿಸಿ ಭಿಕ್ಷು ಆಶೀರ್ವಾದದ ಮಂತ್ರ ಹೇಳಿದರು, ಒಂದು ಸಾಲೂ ಬಿಡದೆ, ಜೈಲು ಸಾಹೇಬನ ತಲೆಗೂ ಸೇರಿಸಿ. ಅಷ್ಟರಲ್ಲಿ ಫಾನ್ ಅಕ್ಕ ಓಡಿಹೋಗಿ ಮನೆಯಿಂದ ಕಾವಿ ತಂದಳು. ಸುಟ್ಟುಹಾಕು ಎಂದು ಮೇಲಿನವರು ಕೊಟ್ಟಿದ್ದನ್ನು ಅವಳು ಒಗೆದು, ಮಡಿಸಿ, ಬುದ್ಧನ ಪಟದ ಹಿಂದೆ ಇಟ್ಟಿದ್ದಳು. ಅದನ್ನೂ ಗಂಡನ ಕೈಯಲ್ಲೇ ಕೊಡಿಸಿದಳು.

ಭಿಕ್ಷುವನ್ನು ನಮ್ಮ ಜೊತೆ ಬಿಟ್ಟುಕೊಟ್ಟದ್ದಕ್ಕೆ ಸಾರೆತನ ಕೆಲಸ ಹೋಯಿತು. ಮತದಾನ ಮುಗಿದು ಎಷ್ಟೋ ದಿನದ ಮೇಲೆ ದೋಣಿಗಟ್ಟೆಯಲ್ಲಿ ಫಾನ್ ಅಕ್ಕ ಶ್ಯಾವಿಗೆ ಅಂಗಡಿ ಹಾಕಿಕೊಂಡಿದ್ದಳು. ಗಂಡ ಬಟ್ಟಲು ತೊಳೆಯುತ್ತಿದ್ದ, ಜೇಬಿನಲ್ಲಿ ಈಗಲೂ ಪೆನ್ನು. ನಾನು ಕೂತು ಕೇಳಿಯೇಬಿಟ್ಟೆ:

"ಅಕ್ಕಾ, ಅವತ್ತು ಬಾಯಿ ಜಾರಿತಾ, ಬೇಕಂತ್ಲೇ ಅಂದ್ಯಾ?"

"ಜಾರೋಕೆ ಅದೇನು ಬಾಳೆಹಣ್ಣಿನ ಸಿಪ್ಪೇನಾ?"

"ಅಂದ್ರೆ ಬೇಕಂತ್ಲೇ."

"ಅದೂ ಅಲ್ಲ. ನಮ್ಮವರು ಹೇಳಿದ್ರು, ಆ ಸಾಹೇಬ ಬಂದ್ರೆ 'ಆ ಮನುಷ್ಯ ತಿಂದಿಲ್ಲ' ಅಂತ ಬೇಕಾದ್ರೆ ಅನ್ನು, ಇನ್ನೇನೂ ಅನ್ಬೇಡ ಅಂತ. ಸ್ವಾಮಿಗಳಿಗೆ 'ತಿಂದಿಲ್ಲ' ಅಂತ ಹೇಗೆ ಅನ್ಲಿ? ಬಟ್ಟೆ ಕಿತ್ಕೊಂಡ್ರು, ಅದು ಅವರ ಕರ್ಮ. ಮಾತನ್ನೂ ನಾನೇ ಕಿತ್ಕೋಬೇಕಾ?" ಸೌಟನ್ನು ಗಂಡನ ಕಡೆ ತೋರಿಸಿ, "ಕೇಳು ಇವರನ್ನ, ಅವರೂ ಒಂದು ದಿನಾನೂ ಸ್ವಾಮಿಗಳ ಮುಂದೆ ಛಾನ್ ಬಿಟ್ಟು ಬೇರೆ ಮಾತು ಆಡಿಲ್ಲ," ಎಂದಳು.

ಸಾರೆತ್ ಬಟ್ಟಲು ಕೊಡವುತ್ತಾ, "ಶ್ಯಾವಿಗೆ ಆರತ್ತೆ, ತಿನ್ನಿ," ಎಂದ.

ಎಲ್ಲಿಗೋ ಹೋದೆ. ಅವತ್ತಿನ ಕಥೆಗೆ ಬರುತ್ತೇನೆ.

ಜೀಪಿನಲ್ಲಿ ಭಿಕ್ಷುವಿನ ಪಕ್ಕ ಹೆಂಗಸು ಕೂರುವಂತಿಲ್ಲ. ಅವರು ಮುಂದೆ ಕೂತರು, ನಾನು ಹಿಂದೆ, ಫಾನ್ ಅಕ್ಕ ತುರುಕಿದ ಸೋರೆಕಾಯಿಗಳ ನಡುವೆ. ಕೋಳದ ಸರಳಿನ ಮೇಲೆ ಬೆಳೆದ ಕಾಯಿಗಳು. ದಾರಿಯುದ್ದಕ್ಕೂ ಧೂಳು ತಿಂದೆ, ಒಂದು ಮಾತಿಗೂ ಬಾಯಿ ಬಿಡಲಿಲ್ಲ. ರಮಿರೋ ಎರಡು ಸಲ ಹಿಂದಕ್ಕೆ ತಿರುಗಿ, ಇದ್ದಾಳೋ ಬಿದ್ದಳೋ ಎಂದು ನೋಡಿದ.

ಕಚೇರಿಯ ಮೆಟ್ಟಿಲ ಮೇಲೆ ಛೂಮ್ ಅಜ್ಜಿ ತೂಕಡಿಸುತ್ತಿದ್ದಳು. ಜೀಪಿನ ಸದ್ದಿಗೆ ಕಣ್ಣು ಬಿಟ್ಟಳು. ಮುಂದಿನ ಬಾಗಿಲಿನಿಂದ ಕಾವಿ ಇಳಿಯಿತು. ಆ ತಾಯಿ ಓಡಿಬಂದು ತಬ್ಬಿಕೊಳ್ಳುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಮೆಟ್ಟಿಲಿಳಿದು ಮಣ್ಣಿನ ಮೇಲೆ ಮಂಡಿಯೂರಿ ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿದಳು. ಎದ್ದಾಗ ಹಣೆಯ ಮೇಲೆ ಕೆಂಪು ಧೂಳು. ಮಗನ ಕಣ್ಣಿನ ಗಾಯ ನೋಡಿದಳು.

"ಛಾನ್ ಆಯ್ತಾ, ಸ್ವಾಮಿ?"

"ಆಯ್ತು ತಾಯಿ. ಹುಳಿ ಸಾರು. ಉಪ್ಪು ಚೂರು ಮುಂದಾಗಿತ್ತು."

ನಾನು ಜೀಪಿನಿಂದ ಇಳಿದು, ಧೂಳು ಕೊಡವಿಕೊಂಡು, ಅಭ್ಯಾಸಬಲದಿಂದ ರಮಿರೋನ ಕಡೆ ತಿರುಗಿ ಬಾಯಿ ತೆರೆದೆ. ಅವನು ಆ ಸೋತ ಭುಜದ ಕೈಯನ್ನು ಸ್ವಲ್ಪ ಎತ್ತಿ ತಡೆದ.

"ಇದನ್ನ ಹೇಳ್ಬೇಡ. ಗೊತ್ತಾಯ್ತು."

ಅಜ್ಜಿ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ತಂದು, ರವಿಕೆಯ ಅಂಚಿನಲ್ಲಿ ಒರೆಸಿ, ಮಗನ ಕಾಲ ಮುಂದೆ ಇಟ್ಟಳು. ಅವರು ಮೆಟ್ಟಿಕೊಂಡರು.